ಹಿಂದಿನ ಸೀಟಿನ ಉದ್ದ

ಕೇದಾರ ಘಾಟ್, ವಾರಾಣಸಿ
೧೪ ನವೆಂಬರ್ ೧೯೯೧

ಚಿ. ಸೌ. ವಸುಮತಿಗೆ ಅಕ್ಕ ಅಂಬುಜಾಕ್ಷಿ ಮಾಡುವ ಆಶೀರ್ವಾದಗಳು.

ಕಾರು ಬಂತು. ದೀಪಾವಳಿಗೆ ಬರಬೇಕಾದದ್ದು ಒಂದು ವಾರ ತಡವಾಯಿತು. ಕಲ್ಕತ್ತೆಯಿಂದ ಮಗ ಶ್ರೀನಿವಾಸನೇ ಓಡಿಸಿಕೊಂಡು ಬಂದ. ಬಣ್ಣ ಬೂದು ನೀಲಿ, ಮಳೆಗಾಲ ಕಳೆದು ಗಂಗೆ ತಿಳಿಯಾದಾಗ ಇರುತ್ತದಲ್ಲ, ಹಾಗೆ. ಎಂಜಿನ್ ಜಪಾನಿನದು, ಐದು ಗೇರು. ಗಾಜು ಏರಿಸಲು ತಿರುಗಿಸುವ ಹಿಡಿ ಇಲ್ಲ, ಗುಂಡಿ ಒತ್ತಿದರೆ ತಾನಾಗಿ ಏರುತ್ತದೆ. ಏರಿಸಿಬಿಟ್ಟರೆ ಗೋದೌಲಿಯಾ ಚೌಕದ ನಡುವೆಯೂ ಒಂದು ಸದ್ದೂ ಒಳಗೆ ಬರುವುದಿಲ್ಲ. ಜನ ಬಾಯಿ ತೆರೆಯುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ವೇಗ ನನಗೆ ತಿಳಿಯುವುದಿಲ್ಲ. ಆದರೆ ಹೆದ್ದಾರಿಯಲ್ಲಿ ನನ್ನನ್ನು ಕೂರಿಸಿಕೊಂಡು ಓಡಿಸಿದಾಗ ಪಕ್ಕದ ಬಸ್ಸು ಹಿಂದಕ್ಕೆ ಹೋಗುತ್ತಿದೆಯೆಂದೇ ತಿಳಿದೆ.

ನಮ್ಮ ಗಲ್ಲಿಯಲ್ಲಿ ಎದುರಿಗೆ ಹಸು ಬಂದರೆ ಮನುಷ್ಯ ಜಗುಲಿ ಹತ್ತಬೇಕು, ನಿನಗೆ ಗೊತ್ತಿದೆ. ಹಾಗಾಗಿ ಕಾರು ಸೋನಾರ್‌ಪುರ ರಸ್ತೆಯ ಶೆಡ್ಡಿನಲ್ಲಿದೆ. ಪೂಜೆಗೂ ಕಾರು ಬರಲಾಗಲಿಲ್ಲ. ಬೀಗದ ಕೈಯನ್ನೇ ತಂದು ಕೇದಾರೇಶ್ವರನ ಪಾದದ ಬಳಿ ಇಟ್ಟು ಅರ್ಚನೆ ಮಾಡಿಸಿದೆ.

ಶೋಕಿಗೆ ಕೊಂಡದ್ದಲ್ಲ. ಮೊಗಲ್‌ಸರಾಯಿ ಸ್ಟೇಷನ್ನಿನಲ್ಲಿ ನಮ್ಮ ಯಾತ್ರಿಕರು ಇಳಿಯುತ್ತಿದ್ದಂತೆ ಬೇರೆ ಪುರೋಹಿತರ ಜನ ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ನಮ್ಮ ವಂಶಾವಳಿ ಪುಸ್ತಕದಲ್ಲಿ ನಾಲ್ಕು ತಲೆಮಾರಿನ ಹೆಸರಿರುವ ಮನೆಯವರು ಕೂಡ ಅಂಬಾಸಿಡರ್ ಕಂಡಲ್ಲಿ ಹತ್ತುತ್ತಾರೆ. ಇನ್ನು ಹಾಗಾಗದು. ನಿನ್ನ ಭಾವ ಹೋದ ಮೇಲೆ ಹನ್ನೊಂದು ವರ್ಷದಿಂದ ಆ ಪುಸ್ತಕ ಬರೆಯುತ್ತಿರುವವಳು ನಾನು. ಹೈಸ್ಕೂಲಿನವರೆಗೆ ಓದಿದ ಅಕ್ಷರ. ಒಂದು ಸುಳ್ಳು ಹೆಸರು, ಒಂದು ಸುಳ್ಳು ತಿಥಿ ಅದರಲ್ಲಿ ಬಿದ್ದಿಲ್ಲ.

ನಿನ್ನ ಯಜಮಾನರಿಗೂ ತಿಳಿಸು. ನಿನ್ನ ಭಾವನ ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತು, "ಹೆಣದ ಮೇಲೆ ಬದುಕೋ ಮನೆ ಇದು. ನಮಗೆ ನಂಜನಗೂಡಿದೆ, ಕಪಿಲೆ ಇದ್ದಾಳೆ, ಸಾಯೋಕೆ ಟಿಕೆಟ್ ತೆಗೀಬೇಕಾಗಿಲ್ಲ" ಎಂದಿದ್ದರಲ್ಲ. ಆ ಮನೆಗೆ ಇಂಥ ಕಾರು ಬಂದಿದೆ ಎಂದು ಹೇಳು.

ಅಂಬುಜಾಕ್ಷಿ


ನಂಜನಗೂಡು
೩೦ ನವೆಂಬರ್ ೧೯೯೧

ಅಕ್ಕಯ್ಯನಿಗೆ ವಸುಮತಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಿನ್ನ ಕಾಗದ ಬಂತು. ಇವರಿಗೆ ಎರಡು ಸಲ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಹೆದ್ದಾರಿಯ ಬಸ್ಸಿನ ಮಾತಿಗೆ ನಕ್ಕರು. ನಕ್ಕು ಬಹಳ ದಿನವಾಗಿತ್ತು.

ಇವರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಇದ್ದವರು ನೋಡು, ಯಂತ್ರ ಅಂದರೆ ಆಸೆ. ಕೆಲವು ಪ್ರಶ್ನೆ ಕೇಳಿ ಬರಿ ಅಂದಿದ್ದಾರೆ. ಹಳ್ಳ ಬಂದರೆ ಕಾರು ಎತ್ತಿ ಹಾಕುತ್ತದೆಯೋ, ಇಲ್ಲವೋ? ಹಿಂದಿನ ಸೀಟು ಎಷ್ಟು ಉದ್ದ? ಅದರ ತಣ್ಣನೆ ಗಾಳಿಯನ್ನು ಬೇಕಾದಾಗ ಕಡಿಮೆ ಮಾಡಬಹುದೋ? ಮೊಗಲ್‌ಸರಾಯಿಯಿಂದ ಹೊಳೆ ದಾಟಿ ಕಾಶಿಗೆ ಬರಲು ಎಷ್ಟು ನಿಮಿಷ ಹಿಡಿಯುತ್ತದೆ?

ಹಳೆಯ ಮಾತು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಇವರಿಗೆ ಈಚೆಗೆ ಊಟ ಸೇರುವುದಿಲ್ಲ. ಅಜೀರ್ಣ ಇರಬೇಕು. ಮೈಸೂರಿನ ಡಾಕ್ಟರಿಗೆ ತೋರಿಸಿದ್ದೇವೆ. ಚಿಂತೆಯಿಲ್ಲ.

ವಸುಮತಿ


ಕೇದಾರ ಘಾಟ್
೧೮ ಡಿಸೆಂಬರ್ ೧೯೯೧

ಚಿ. ಸೌ. ವಸುಮತಿಗೆ ಆಶೀರ್ವಾದಗಳು.

ನಿನ್ನ ಯಜಮಾನರ ಪ್ರಶ್ನೆ ನೋಡಿ ಶ್ರೀನಿವಾಸನಿಗೆ ಹೇಳಿದೆ: "ನಿಮ್ಮ ಚಿಕ್ಕಪ್ಪ ಪಿಂಚಣಿ ದುಡ್ಡು ಸುರಿದು ಕಾರು ಕೊಳ್ಳೋ ಹಾಗೆ ಕಾಣುತ್ತೆ ಕಣೋ." ಗೂಡ್ಸ್ ಡಬ್ಬಿ ಎಣಿಸಿದವರಿಗೆ ಕಾರೇಕೆ? ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಎತ್ತಿ ಹಾಕುವುದಿಲ್ಲ. ಮಡಿಲಲ್ಲಿ ತುಂಬಿದ ತಂಬಿಗೆ ಇಟ್ಟುಕೊಂಡು ಸಾರನಾಥಕ್ಕೆ ಹೋಗಿ ಬಂದೆ, ಸೀರೆ ಒದ್ದೆಯಾಗಲಿಲ್ಲ. ಹಿಂದಿನ ಸೀಟು ಮೂರು ಮೊಳದ ಮೇಲೆ ಒಂದು ಗೇಣು. ಅಳೆದು ನೋಡಿದೆ. ಅದನ್ನು ಕೇಳಿದ್ದೇಕೆ? ಸೀಟು ಇರುವುದು ಕೂರುವುದಕ್ಕೆ. ಮೂವರು ಗೌರವದಿಂದ ಕೂರಬಹುದು. ಗಾಳಿಗೆ ಮೂರು ಮಟ್ಟಗಳಿವೆ.

ಮೊಗಲ್‌ಸರಾಯಿಯಿಂದ ಸೇತುವೆ ದಾಟಿ ಈ ದಂಡೆ ಮುಟ್ಟಲು ಇಪ್ಪತ್ತೆರಡು ನಿಮಿಷ. ಸೇತುವೆಯ ಮೇಲೆ ಗಾಡಿಗಳು ಕಟ್ಟಿಕೊಂಡು ನಿಂತರೆ ದೇವರೇ ಗತಿ. ಕೆಳಗೆ ರೈಲು, ಮೇಲೆ ರಸ್ತೆ, ರೈಲು ಹೋದಾಗ ಸೇತುವೆಯೆಲ್ಲ ನಡುಗುತ್ತದೆ. ಈ ದಂಡೆಯಲ್ಲಿ ಸತ್ತವನಿಗೆ ಮುಕ್ತಿ, ಆ ದಂಡೆಯಲ್ಲಿ ಸತ್ತವನಿಗೆ ಕತ್ತೆಯ ಜನ್ಮ ಎಂದು ಇಲ್ಲಿನವರ ಮಾತು. ಅದಕ್ಕೇ ಸೇತುವೆಯ ಮೇಲೆ ಗಾಡಿ ನಿಂತಾಗ ನಮ್ಮ ಯಾತ್ರಿಕರಲ್ಲಿ ಮುದುಕರಾದವರು ಎದೆ ಹಿಡಿದುಕೊಂಡು ಕೂರುತ್ತಾರೆ. ನೋಡಿದರೆ ನಗು ಬರುತ್ತದೆ.

ಕಾರಿಗೆ ಒಂದು ನಿಯಮ ಮಾಡಿದ್ದೇನೆ. ಹೋದ ವಾರ ಚಿತ್ರದುರ್ಗದ ಕಡೆಯ ಯಾತ್ರಿಕರೊಬ್ಬರ ಹೆಂಡತಿ ಕಾರನ್ನು ಮೂರು ಸುತ್ತು ಸುತ್ತಿ, "ಅಮ್ಮಾ, ಇದರಲ್ಲಿ ಹೆಣ ಹಾಕಿಲ್ಲ ತಾನೆ?" ಎಂದು ಕೇಳಿದರು. ಈ ಊರಿನ ಜೀಪು ಟೆಂಪೊಗಳ ಮೇಲೆಲ್ಲ ಮಣಿಕರ್ಣಿಕೆಗೆ ಹೆಣ ಬರುತ್ತವೆ, ಅವರು ಕೇಳಿದ್ದು ತಪ್ಪಲ್ಲ. ಅಂದೇ ಹೇಳಿಬಿಟ್ಟೆ. ಕಾರು ಮಡಿಯಲ್ಲಿರಬೇಕು. ಸೂತಕದವರು, ಅಸ್ಥಿಯ ಮಡಕೆ ತಂದವರು, ಕಾಯಿಲೆಯವರು, ಇಂದೋ ನಾಳೆಯೋ ಎನ್ನುವಂಥ ಮುದುಕರು ಹತ್ತುವ ಹಾಗಿಲ್ಲ. ಅವರಿಗೆ ಹಳೆಯ ಜೀಪಿದೆ. ಶ್ರೀನಿವಾಸ ಕೇದಾರೇಶ್ವರನ ಮುಂದೆ ಹೂ ಮುಟ್ಟಿ ಒಪ್ಪಿಕೊಂಡಿದ್ದಾನೆ.

ಅಜೀರ್ಣಕ್ಕೆ ಓಮದ ನೀರು ಕೊಡು. ಕಾಫಿ ನಿಲ್ಲಿಸು.

ಅಂಬುಜಾಕ್ಷಿ


ನಂಜನಗೂಡು
೯ ಜನವರಿ ೧೯೯೨

ಅಕ್ಕಯ್ಯನಿಗೆ ನಮಸ್ಕಾರಗಳು.

ನಿಯಮ ಸರಿಯಾಗಿಯೇ ಇದೆ. ನಿನ್ನ ಯಾತ್ರಿಕರ ಮನಸ್ಸನ್ನೂ ನೋಡಬೇಕಲ್ಲ.

ಒಂದು ಕೇಳಲೇ? ಮನೆಯವರಿಗೂ ಅದೇ ನಿಯಮವೋ? ಸುಮ್ಮನೆ ಕೇಳಿದೆ. ಮಾಘದಲ್ಲಿ ನೀನು ಊರಲ್ಲಿರುತ್ತೀಯೋ, ಪ್ರಯಾಗದ ಸ್ನಾನಕ್ಕೆ ಹೋಗುತ್ತೀಯೋ ಅದನ್ನೂ ತಿಳಿಸು.

ಸೀಟಿನ ಅಳತೆಯನ್ನು ಇವರು ನಮ್ಮ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದರು. ಮಂಡಿ ಮಡಿಸಿದರೆ ಸಾಕಾಗುತ್ತೆ ಅಂದರು. ಇವರ ತಮಾಷೆ ನಿನಗೆ ಗೊತ್ತೇ ಇದೆಯಲ್ಲ.

ವಸುಮತಿ


ಕೇದಾರ ಘಾಟ್
೨೨ ಜನವರಿ ೧೯೯೨

ಚಿ. ಸೌ. ವಸುಮತಿಗೆ ಆಶೀರ್ವಾದಗಳು.

ನಿಯಮವೆಂದರೆ ಮನೆಯವರಿಗೇ ಮೊದಲು. ಸಂಕ್ರಾಂತಿಯ ಹಿಂದಿನ ದಿನ ಸೊಸೆ ಶ್ರೀರಮಾಗೆ ಜ್ವರ ಏರಿ ಮಾತು ತೊದಲಿತು. ಸೈಕಲ್ ರಿಕ್ಷಾದಲ್ಲೇ ಆಸ್ಪತ್ರೆಗೆ ಕಳಿಸಿದೆ. ಕಾರು ಶೆಡ್ಡಿನಲ್ಲೇ ಇತ್ತು. ಶ್ರೀನಿವಾಸ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಿ ಮತ್ತೆ ಮೊಳೆಗೆ ತೂಗುಹಾಕಿದ. ಅವಳು ವಾಸಿಯಾಗಿ ಬಂದಿದ್ದಾಳೆ. ಅವಳೇನೂ ಕರಗಿ ಹೋಗಲಿಲ್ಲ.

ಮಾಘದಲ್ಲಿ ಇಲ್ಲೇ ಇರುತ್ತೇನೆ. ನಿನಗೆ ಕಾಶೀಯಾತ್ರೆಯ ಆಸೆಯಾಗಿದೆ, ಹೇಳಲು ಸಂಕೋಚ ಎಂದು ಈ ಕಾಗದದಿಂದ ತಿಳಿಯಿತು. ಬಾ. ಕಾರು ಕಳಿಸುತ್ತೇನೆ. ಆದರೆ ಇಬ್ಬರೂ ಬರುವುದಾದರೆ ನಿನ್ನ ಯಜಮಾನರು ತಾವಾಗಿ ಒಂದು ಸಾಲು ಬರೆಯಲಿ. "ಬರುತ್ತಿದ್ದೇನೆ, ಕಾರು ಕಳಿಸಿ" ಎಂದು ಅವರ ಕೈಯಕ್ಷರದಲ್ಲಿ ಇರಲಿ. ಹನ್ನೊಂದು ವರ್ಷದ ಹಿಂದೆ ಆಡಿದ ಮಾತಿಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ನಾನು ಕೇಳುತ್ತಿಲ್ಲ. ಅದಕ್ಕಿಂತ ಕಡಿಮೆಗೆ ಒಪ್ಪುವುದೂ ಇಲ್ಲ.

ಅಂಬುಜಾಕ್ಷಿ


ಕೇದಾರ ಘಾಟ್
೧೦ ಫೆಬ್ರವರಿ ೧೯೯೨

ಚಿ. ಸೌ. ವಸುಮತಿಗೆ ಆಶೀರ್ವಾದಗಳು.

ನಿನ್ನಿಂದ ಉತ್ತರವಿಲ್ಲ. ನಿನ್ನ ಯಜಮಾನರಿಗೆ ಒಂದು ಸಾಲು ಬರೆಯಲು ಹದಿನೈದು ದಿನ ಬೇಕೇ?

ಕಾರಿನ ವಿಷಯ ಬರೆಯಬೇಕು. ಶುಕ್ರವಾರ, ಏಳನೆಯ ತಾರೀಕು, ದಾವಣಗೆರೆಯ ಜವಳಿ ವ್ಯಾಪಾರಿಯ ಮನೆಯವರು ನಾಲ್ವರು ಬಂದರು. ಇದೇ ಕಾರಿನ ನಿಜವಾದ ಪರೀಕ್ಷೆ ಎನ್ನಬೇಕು. ಸೇತುವೆಯ ಮೇಲೆ ಲಾರಿಯೊಂದರ ಅಚ್ಚು ಮುರಿದು ಒಂದೂವರೆ ಗಂಟೆ ಒಂದು ಗಾಡಿಯೂ ಅಲ್ಲಾಡಲಿಲ್ಲವಂತೆ. ಬೇರೆ ಗಾಡಿಯವರೆಲ್ಲ ಹೊಗೆ ಕುಡಿದು ಕೆಮ್ಮುತ್ತಿದ್ದರೆ ಇವರು ಗಾಜು ಏರಿಸಿಕೊಂಡು ಭಕ್ತಿಗೀತೆಯ ಕ್ಯಾಸೆಟ್ ಹಾಕಿಕೊಂಡು ಕೂತಿದ್ದರು. ಮುಂದೆ ನಿಂತಿದ್ದ ಟೆಂಪೊದಲ್ಲಿ ಯಾರೋ ಸತ್ತರಂತೆ. ಆ ಮನೆಯ ಯಜಮಾನಿ ನನ್ನ ಕೈಹಿಡಿದು ಹೇಳಿದರು: "ಹೆಂಗಸೊಬ್ಬಳು ಬಾಯಿ ತೆಗೆದು ಅಳ್ತಿದ್ಲು ಅಮ್ಮಾ, ನಮಗೆ ಒಂಚೂರೂ ಕೇಳಿಸ್ಲಿಲ್ಲ ನೋಡ್ರಿ! ಎಂಥಾ ಗಾಡಿ ತಗೊಂಡೀರಿ!" ಮುಂದಿನ ವರ್ಷ ಅವರ ಬೀಗರೂ ನಮ್ಮಲ್ಲಿಗೇ ಬರುತ್ತಾರೆ.

ಶ್ರೀನಿವಾಸ ಮಾತ್ರ ಬುದ್ಧಿಯಿಲ್ಲದವನಂತೆ ಕಾರು ಬಿಟ್ಟು ಇಳಿದು ಆ ಟೆಂಪೊದ ಹತ್ತಿರ ಹೋಗಿ ನಿಂತನಂತೆ. "ಹೆಣ ಮುಟ್ಟಿದ ಕೈಯಲ್ಲಿ ಸ್ಟೀರಿಂಗ್ ಹಿಡಿದೆಯೇನೋ?" ಎಂದು ಗದರಿದೆ. ಉಟ್ಟ ಬಟ್ಟೆಯಲ್ಲೇ ಗಂಗೆಯಲ್ಲಿ ಮುಳುಗಿಸಿ ಮನೆಯೊಳಗೆ ಬಿಟ್ಟುಕೊಂಡೆ. ಮಾರನೆಯ ದಿನ ಶೆಡ್ಡಿಗೆ ನಾನೇ ಹೋಗಿ ಸೀಟಿಗೆಲ್ಲ ಗಂಜಲ ಚಿಮುಕಿಸಿದೆ. ಅವನು ಅಂದಿನಿಂದ ದಿನಕ್ಕೆ ಎರಡು ಹೊತ್ತು ಸ್ನಾನ ಮಾಡುತ್ತಾನೆ, ಸಂಜೆ ಅಸ್ಸಿ ಘಾಟಿನ ಕಡೆ ಹೋಗಿ ಬರುತ್ತಾನೆ. ದೇವರಲ್ಲಿ ಭಕ್ತಿ ಹುಟ್ಟಿರಬೇಕು. ಒಳ್ಳೆಯದೇ.

ಅಂಬುಜಾಕ್ಷಿ


ಅಸ್ಸಿ, ವಾರಾಣಸಿ
೨೦ ಫೆಬ್ರವರಿ ೧೯೯೨

ಅಕ್ಕಯ್ಯನಿಗೆ ನಮಸ್ಕಾರಗಳು.

ಇವರು ತೀರಿಕೊಂಡರು. ಮಾಘ ಶುದ್ಧ ಚೌತಿಯ ದಿನ, ಕಾಶಿಯಲ್ಲಿ. ಮಣಿಕರ್ಣಿಕೆಯಲ್ಲಿ ಎಲ್ಲ ಆಯಿತು. ಇಲ್ಲಿಯ ತೆಲುಗು ಪುರೋಹಿತರೊಬ್ಬರು ನನ್ನ ಕೈಯಿಂದ ದರ್ಭೆ ಇಸಿದುಕೊಂಡು ನನ್ನ ಪರವಾಗಿ ಕ್ರಿಯೆ ಮಾಡಿದರು. ನಿನ್ನೆ ಹದಿಮೂರನೆಯ ದಿನ ಕಳೆಯಿತು.

ಸಂಜೆಯ ಗಾಡಿಗೆ ಹೊರಡುತ್ತಿದ್ದೇನೆ. ನಿನ್ನ ಮನೆಗೆ ಬರಲಿಲ್ಲ, ಸೂತಕದವಳು ಎಂದು. ನೀನೂ ಬರಬೇಡ. ಇದು ನಿನ್ನ ಕೈಸೇರುವ ಹೊತ್ತಿಗೆ ನಾನು ಇಲ್ಲಿರುವುದಿಲ್ಲ.

ವಸುಮತಿ


ಕೇದಾರ ಘಾಟ್
೨೩ ಫೆಬ್ರವರಿ ೧೯೯೨

ಚಿ. ವಸುಮತಿಗೆ ಆಶೀರ್ವಾದಗಳು.

ಮೂವತ್ತು ವರ್ಷದಿಂದ ನಿನ್ನ ಹೆಸರನ್ನು ಒಂದೇ ರೀತಿ ಬರೆಯುತ್ತಿದ್ದೇನೆ. "ಸೌ." ಎನ್ನುವುದನ್ನು ಬಿಟ್ಟು ಬರೆಯುವಾಗ ಕೈ ತಾನಾಗಿ ಆ ಅಕ್ಷರಕ್ಕೆ ಹೋಯಿತು. ಕಾಗದ ಹರಿದು ಬೇರೆ ತೆಗೆದುಕೊಂಡೆ.

ಆದರೂ ಕೇಳದೆ ಇರಲಾರೆ. ನನ್ನ ಊರಿಗೆ ಬಂದು, ನನ್ನ ಮನೆಯಿಂದ ಅರ್ಧ ಗಂಟೆ ನಡೆಯುವಷ್ಟು ದೂರದಲ್ಲಿ ಹದಿಮೂರು ದಿನ ಇದ್ದು, ನನ್ನ ತಂಗಿಯ ಗಂಡನಿಗೆ ತೆಲುಗಿನವರ ಕೈಯಲ್ಲಿ ಕ್ರಿಯೆ ಮಾಡಿಸಿದೆಯಾ? ನಾಲ್ಕು ತಲೆಮಾರಿನ ಪುರೋಹಿತರ ಮನೆಗೆ ಇದಕ್ಕಿಂತ ಅವಮಾನ ಬೇರೆ ಬೇಕೇ? ಬೀದಿಯಲ್ಲಿ ಯಾರಾದರೂ ಕೇಳಿದರೆ ಏನೆನ್ನಲಿ?

ನಿನ್ನ ಯಜಮಾನರ ಅಹಂಕಾರವಿದು. ಒಂದು ಸಾಲು ಬರೆಯಬೇಕಾಗುತ್ತದೆ ಎಂದು ಕದ್ದು ಬಂದರು. ಇರಲಿ, ಕಾಶಿಯಲ್ಲಿ ಹೋದರು. ವಿಶ್ವನಾಥ ಅವರ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ನನ್ನ ಕಾರೂ ಬೇಕಾಗಲಿಲ್ಲ.

ಪುಸ್ತಕದಲ್ಲಿ ಬರೆಯಬೇಕು. ಯಾವ ಮನೆ, ಯಾವ ಓಣಿ, ಎಷ್ಟು ಹೊತ್ತಿಗೆ? ಅಸ್ಸಿಯಲ್ಲಿ ನೀನು ಇಳಿದಿದ್ದ ಲಾಡ್ಜನ್ನು ಹುಡುಕಿ ಹೋಗಿ ಕೇಳಿದೆ. ಅಲ್ಲಿಯವನು, "ಮಾತಾಜಿ ಒಬ್ಬರೇ ಬಂದರು, ಗಂಡಸು ಯಾರೂ ಇರಲಿಲ್ಲ" ಎನ್ನುತ್ತಾನೆ. ಶ್ರೀನಿವಾಸನನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಾನೆ. ನೀನೇ ಬರೆ.

ಅಂಬುಜಾಕ್ಷಿ


ನಂಜನಗೂಡು
೧೫ ಮಾರ್ಚ್ ೧೯೯೨

ಅಕ್ಕಯ್ಯನಿಗೆ,

ಊರಿಗೆ ಬಂದು ಬಾಗಿಲು ತೆಗೆದಾಗ ನಿನ್ನ ಫೆಬ್ರವರಿ ಹತ್ತರ ಕಾಗದ ಹೊಸ್ತಿಲ ಒಳಗೆ ಬಿದ್ದಿತ್ತು. ಓದಿದೆ. ಆಮೇಲೆ ಇಪ್ಪತ್ತಮೂರರದು ಬಂತು. ಬರೆಯಬಾರದು ಅಂತಿದ್ದೆ. ನೀನು ಕೇಳಿದ್ದೀಯ, ಬರೆಯುತ್ತೇನೆ.

ಬಾಯಿ ತೆಗೆದು ಅಳುತ್ತಿದ್ದ ಆ ಹೆಂಗಸು ನಾನು.

ಹೊಟ್ಟೆಯಲ್ಲಿ ಗಡ್ಡೆ ಇತ್ತು. ಮೈಸೂರಿನ ಡಾಕ್ಟರು ಅಕ್ಟೋಬರಿನಲ್ಲೇ ಹೇಳಿದ್ದರು. ನಿನ್ನ ಮೊದಲ ಕಾಗದ ಓದಿ ಹೇಳಿದ ದಿನ ಇವರು, "ವಸೂ, ನಿಮ್ಮಕ್ಕನ ಕಾರು ಎಷ್ಟು ಹೊತ್ತಿಗೆ ದಾಟಿಸುತ್ತೆ ಕೇಳು" ಅಂದರು. ಜೀವನವೆಲ್ಲ ಕಾಶಿಯನ್ನು ಹಾಸ್ಯ ಮಾಡಿದವರು. ಏನಾಯಿತು ಅಂತ ನಾನು ಕೇಳಲಿಲ್ಲ. ಸಾಯುವವರನ್ನು ಹಾಗೆ ಕೇಳಬಾರದು. ಮಲಗಿದರೆ ಮಾತ್ರ ನೋವು ತಡೆಯಲಾಗುತ್ತಿತ್ತು. ಅದಕ್ಕೇ ಸೀಟಿನ ಉದ್ದ ಕೇಳಿದ್ದು.

ನೀನು ಕೇಳಿದ ಸಾಲನ್ನು ಬರೆಯಲು ಕೂತರು. "ಕೈ ನಡುಗಿದ್ದು ಅಕ್ಷರದಲ್ಲಿ ಕಾಣುತ್ತೆ ಕಣೆ, ನಿಮ್ಮಕ್ಕ ಅದನ್ನೂ ಓದ್ತಾಳೆ. ಎದುರಿಗೇ ಹೋಗಿ ಹೇಳ್ತೀನಿ" ಅಂತ ಪೆನ್ನು ಮುಚ್ಚಿದರು. ರೈಲ್ವೆ ಪಾಸು ಇತ್ತು. ಹೊರಟೆವು.

ಮೊಗಲ್‌ಸರಾಯಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಹೊರಗೆ ನಿನ್ನ ಕಾರು ನಿಂತಿತ್ತು. ನೀನು ಬರೆದ ಬಣ್ಣವೇ, ನೋಡಿದ ತಕ್ಷಣ ತಿಳಿಯಿತು. ಶ್ರೀನಿವಾಸ ಹಾರ ಹಿಡಿದುಕೊಂಡು ನಿಂತಿದ್ದ. ನಮ್ಮನ್ನು ಕಂಡು ಓಡಿ ಬಂದ. "ಚಿಕ್ಕಮ್ಮಾ! ಅರೇ, ಚಿಕ್ಕಪ್ಪನಿಗೇನಾಯ್ತು? ಬನ್ನಿ, ಹತ್ತಿ. ದಾವಣಗೆರೆಯವರು ಇನ್ನೂ ಪೆಟ್ಟಿಗೆ ಇಳಿಸ್ತಿದಾರೆ, ಅವರು ಜೀಪಲ್ಲಿ ಬರ್ತಾರೆ" ಅಂದ.

ಇವರು ನನ್ನ ಹೆಗಲ ಮೇಲೆ ಕೈಯೂರಿಕೊಂಡು ಕೇಳಿದರು: "ನಿಮ್ಮಮ್ಮನ ಅಪ್ಪಣೆ ಆಗಿದೆಯೇನಪ್ಪಾ?"

ಅವನು ಒಂದು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನಾದ, ಅಕ್ಕಯ್ಯ. ಅಷ್ಟೇ. ಆಮೇಲೆ "ಆಗಿದೆ ಚಿಕ್ಕಪ್ಪ" ಅಂದ.

"ಬಿಡಪ್ಪಾ, ನಿನಗೆ ಸುಳ್ಳು ಅಭ್ಯಾಸ ಇಲ್ಲ. ನಿಮ್ಮಮ್ಮನ ಮಗ ನೀನು" ಅಂತ ಇವರು ನಕ್ಕರು. "ದೇವರ ಮುಂದೆ ಹೂ ಮುಟ್ಟಿದೀಯಂತೆ. ನನ್ನಿಂದ ಅದು ಕೆಡೋದು ಬೇಡ." ನಾನು ಕೈ ಮುಗಿದೆ. ಶ್ರೀನಿವಾಸ ಕಾಲು ಹಿಡಿದ. ಇವರು ಕೇಳಲಿಲ್ಲ. ಹಂಚಿಕೊಂಡು ಹೋಗುವ ಟೆಂಪೊ ಹತ್ತಿಸಿದೆ. ಟೆಂಪೊದವನು ಸೀಟು ತುಂಬುವವರೆಗೆ ಬಿಡುವುದಿಲ್ಲ ಅಂದ. ಇಪ್ಪತ್ತು ನಿಮಿಷ ಕಾಯ್ದೆವು.

ಸೇತುವೆ ಹತ್ತಿ ನಾಲ್ಕು ಕಮಾನು ದಾಟಿದ್ದೆವೋ ಇಲ್ಲವೋ, ನಿಂತಿತು. "ಪುಲ್ ಜಾಮ್ ಬಾ, ಮಾಈ" ಅಂತ ಟೆಂಪೊದವನು ಎಂಜಿನ್ ಆರಿಸಿಬಿಟ್ಟ. ಸೇತುವೆಯ ಮೇಲೆ ಗಾಡಿಗಳು ಕಟ್ಟಿಕೊಂಡಿವೆ ಅಂತ ಅವನ ಮಾತು. ಹಿಂದೆ ತಿರುಗಿ ನೋಡಿದರೆ ಮೂರನೆಯದು ನಿನ್ನ ಕಾರು. ಶ್ರೀನಿವಾಸ ಇಳಿದು ಬಂದ. ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಕೆಳಗೆ ರೈಲು ಹೋಗಿ ಎಲ್ಲ ನಡುಗಿತು. ಇವರಿಗೆ ಟೆಂಪೊ ಹೊರಟಿತು ಅಂತ ಅನ್ನಿಸಿರಬೇಕು. "ವಸೂ, ಹೊಳೆ ದಾಟಿದ್ವಾ?" ಅಂದರು.

"ದಾಟಿದ್ವಿ ರೀ" ಅಂದೆ.

"ಕತ್ತೆಯಾಗೋದು ತಪ್ತು ಬಿಡು" ಅಂದರು. ಅದೇ ಕೊನೆ.

ನಿನ್ನ ಮಗ ಹದಿಮೂರು ದಿನವೂ ಅಸ್ಸಿಗೆ ಬಂದ. ನಿನಗೆ ಹೇಳಬೇಡ ಎಂದು ನಾನೇ ಆಣೆ ಹಾಕಿಸಿದ್ದೆ. ಅವನನ್ನು ಬೈಯಬೇಡ.

ಮೂವತ್ತು ವರ್ಷ ಸಂಸಾರ ಮಾಡಿ ಇವರಿಗೆ ಕೊನೆಯದಾಗಿ ಹೇಳಿದ್ದು ಸುಳ್ಳು. ನಿನಗೆ ಬರೆದದ್ದೂ ಅದನ್ನೇ. ಪುಸ್ತಕದಲ್ಲಿ ಏನು ಬರೆಯುತ್ತೀಯೋ ಬರೆ. ನಾನು ಏನನ್ನೂ ಕೇಳುವುದಿಲ್ಲ.

ವಸುಮತಿ


ಕೇದಾರ ಘಾಟ್
೬ ಏಪ್ರಿಲ್ ೧೯೯೨

ವಸೂ,

ಯುಗಾದಿ ಕಳೆದು ಎರಡು ದಿನವಾಯಿತು. ಈ ಮನೆಯಲ್ಲಿ ಬೇವು ಬೆಲ್ಲ ಕಲಸಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಶ್ರೀನಿವಾಸನನ್ನು ಕೂರಿಸಿಕೊಂಡು ಕೇಳಿದೆ. ಹೇಳಿದ. ನೀನು ಬರೆಯದೆ ಬಿಟ್ಟದ್ದನ್ನೂ ಹೇಳಿದ. ನೀವು ಸ್ಟೇಷನ್ನಿನ ಹೊರಗೆ ಬಂದಾಗ ಸೇತುವೆ ತೆರೆದಿತ್ತಂತೆ. ಲಾರಿ ಕೆಟ್ಟದ್ದು ಮೂರಕ್ಕೆ ಹತ್ತು ನಿಮಿಷ ಇರುವಾಗ. ಅವನು ನಿಮ್ಮನ್ನು ಕೂರಿಸಿಕೊಂಡು ತಕ್ಷಣ ಹೊರಟಿದ್ದರೆ ಎರಡೂವರೆಗೆಲ್ಲ ಈ ದಂಡೆಯಲ್ಲಿರುತ್ತಿದ್ದಿರಿ. ಅವನು ಇದನ್ನು ಹೇಳಿ ನನ್ನ ಮುಖ ನೋಡಲಿಲ್ಲ. ನಾನು ಅವನನ್ನು ಬೈಯಲಿಲ್ಲ. ಹೂ ಮುಟ್ಟಿಸಿದವಳು ನಾನು.

ನಿನ್ನೆ ಅವನಿಂದ ಕಾರು ತೆಗೆಸಿದೆ. ಮೊಗಲ್‌ಸರಾಯಿಗೆ ಹೋಗಿ ಸ್ಟೇಷನ್ನಿನ ಮುಂದೆ ತಿರುಗಿಸಿ ನಿಲ್ಲಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಮಲಗಿದೆ. ಕೂಲಿಗಳು ಗಾಜಿನಲ್ಲಿ ಇಣುಕಿ ನೋಡಿದರು. ನೋಡಲಿ ಎಂದು ಮಲಗಿದ್ದೆ. ನಿನ್ನ ಯಜಮಾನರು ಹೇಳಿದ್ದು ಸರಿ. ಮಂಡಿ ಮಡಿಸಿದರೆ ಒಬ್ಬರು ಮಲಗಬಹುದು. ತಲೆಯ ಕೆಳಗೆ ಒಂದು ದಿಂಬಿದ್ದರೆ ಇನ್ನೂ ಅನುಕೂಲ. ಎತ್ತಿ ಹಾಕುವುದಿಲ್ಲ. ಮಲಗಿದವರಿಗೆ ಸೇತುವೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ, ಯಾವ ದಂಡೆಯೆಂದು ತಿಳಿಯುವುದಿಲ್ಲ. ಇಪ್ಪತ್ತನಾಲ್ಕು ನಿಮಿಷ ಹಿಡಿಯಿತು. ನೀನು ನವೆಂಬರಿನಲ್ಲಿ ಕೇಳಿದ್ದಕ್ಕೆ ಇದು ಉತ್ತರ.

ನಾಲ್ಕನೆಯ ಕಮಾನಿನ ಬಳಿ ಕಾರು ನಿಲ್ಲಿಸಿ ಇಳಿದೆ. ಹಿಂದಿನಿಂದ ಗಾಡಿಯವರು ಬೈದರು. ಎರಡೂ ಕಡೆ ಎಣಿಸಿದೆ. ಅರ್ಧ ದಾಟಿರಲಿಲ್ಲ, ವಸೂ. ನಿನಗೆ ಸಮಾಧಾನ ಹೇಳುವ ಶಾಸ್ತ್ರವನ್ನು ಯಾವ ಪುರೋಹಿತನಾದರೂ ಹುಡುಕಿ ಕೊಡುತ್ತಾನೆ. ನಾನು ಕೊಡುವುದಿಲ್ಲ. ನೀನೂ ಅದನ್ನು ನಂಬುವವಳಲ್ಲ.

ಮನೆಗೆ ಬಂದು ಸ್ನಾನ ಮಾಡಿ ಪುಸ್ತಕ ತೆಗೆದೆ. ಬರೆದದ್ದನ್ನು ಇಲ್ಲಿ ನಕಲು ಮಾಡುತ್ತೇನೆ:

"ಪ್ರಜೋತ್ಪತ್ತಿ ಸಂವತ್ಸರ, ಮಾಘ ಶುದ್ಧ ಚೌತಿ, ಶುಕ್ರವಾರ. ನಂಜನಗೂಡಿನ ಬದರೀನಾರಾಯಣ, ವಸುಮತಿಯ ಪತಿ. ಕಾಶಿಗೆ ಬರುವ ದಾರಿಯಲ್ಲಿ ಗಂಗೆಯ ಸೇತುವೆಯ ಮೇಲೆ, ನಾಲ್ಕನೆಯ ಕಮಾನಿನ ಹತ್ತಿರ ಮರಣ. ಈ ಮನೆಯ ವಾಹನ ಸ್ಟೇಷನ್ನಿನಲ್ಲಿ ಇತ್ತು. ಈ ಮನೆಯ ಅಂಬುಜಾಕ್ಷಿಯ ಅಪ್ಪಣೆ ಇರಲಿಲ್ಲ."

ಶ್ರೀನಿವಾಸ ಕೊನೆಯ ಸಾಲು ಹೊಡೆದು ಹಾಕು ಎಂದು ಅತ್ತ. ಹೊಡೆಯುವುದಿಲ್ಲ. ನೂರು ವರ್ಷದ ಮೇಲೆ ನಿಮ್ಮ ಕಡೆಯವರು ಯಾರಾದರೂ ಬಂದು ಕೇಳಿದರೆ ನನ್ನ ಮೊಮ್ಮಕ್ಕಳ ಮಕ್ಕಳು ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅವರಿಗೆ ಆಗ ಕನ್ನಡ ಬರುವುದೋ ಇಲ್ಲವೋ ಎಂದು ಕೆಳಗೆ ಹಿಂದಿಯಲ್ಲೂ ಬರೆಸಿದ್ದೇನೆ.

ಅವರ ತಂದೆಯ ಹೆಸರು ನಿನ್ನ ಲಗ್ನಪತ್ರಿಕೆಯಲ್ಲಿ ಸಿಕ್ಕಿತು. ಅಜ್ಜನ ಹೆಸರು ನನಗೆ ಗೊತ್ತಿಲ್ಲ. ಊರಿನವರ ಅಜ್ಜ ಮುತ್ತಜ್ಜರನ್ನೆಲ್ಲ ಬರೆದಿಟ್ಟವಳು ನಾನು, ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರನ್ನು ಕೇಳಲಿಲ್ಲ.

ಆ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ಇಷ್ಟವಿದ್ದರೆ ತಿಳಿಸು. ಇಲ್ಲದಿದ್ದರೆ ಅದು ಖಾಲಿಯಾಗಿಯೇ ಇರುತ್ತದೆ.

ಅಂಬುಜಾಕ್ಷಿ